ಮೇಕೆ ಇರಕೂಡದು

ವಿಮಾ ಕಂಪನಿಯೊಂದರಲ್ಲಿ ಪಾಲಿಸಿಗಳ ಷರತ್ತು ಬರೆದೇ ನಿವೃತ್ತರಾದ ವೆಂಕಟಸುಬ್ಬಯ್ಯನವರು ಮನುಷ್ಯರನ್ನು ನಂಬುತ್ತಿದ್ದರು, ವಾಕ್ಯಗಳನ್ನು ನಂಬುತ್ತಿರಲಿಲ್ಲ. ಯಾವ ವಾಕ್ಯವನ್ನೂ ಅದರ ಪಾಡಿಗೆ ಬಿಡಬಾರದು, ಹಿಂದೊಂದು ‘ಆದರೆ’, ಮುಂದೊಂದು ‘ಹೊರತುಪಡಿಸಿ’ ಕಾವಲಿಗಿರಬೇಕು ಎಂಬುದು ಅವರ ಮತ. ಕಾಫಿಯನ್ನೂ ಅವರು “ಸಕ್ಕರೆ ಬೇಡ, ನೊರೆ ಬೇಡ, ಆರಿದ್ದು ಬೇಡ” ಎಂದೇ ಕೇಳುವುದು.

ಇಂಥವರು ಈಗ ಇಂದಿರಾನಗರದ ಮನೆಯ ಊಟದ ಮೇಜಿನ ಮೇಲೆ ಸೊಸೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ತಮ್ಮದೇ ಮದುವೆಯ ಫೋಟೋ ತೆಗೆಯಲು ಹೊರಟಿದ್ದರು.

ಮದುವೆಯಾಗಿ ಐವತ್ತು ವರ್ಷ. ಭಾನುವಾರ ಸಮಾರಂಭ. ಛತ್ರ ಗೊತ್ತಾಗಿತ್ತು, ಅಡುಗೆಯವರು ಗೊತ್ತಾಗಿದ್ದರು. ಒಪ್ಪದೆ ಉಳಿದವಳು ವಧು ಒಬ್ಬಳೇ.

“ಮದ್ವೆ ಫೋಟೋ ಇಲ್ದೆ ನಾನು ಸ್ಟೇಜ್ ಹತ್ತಲ್ಲ,” ಎಂದಿದ್ದರು ಸೀತಾಲಕ್ಷ್ಮಿ. “ಈಗಿನ ಮುಖ ಬ್ಯಾನರಿಗೆ ಹಾಕಿದ್ರೆ ಹಿರಿಯ ನಾಗರಿಕರ ಸನ್ಮಾನ ಅಂದ್ಕೊಂಡು ಜನ ಶಾಲು ತರ್ತಾರೆ. ಮದ್ವೆ ಹುಡುಗಿಯಾಗಿ ನಾನು ಹೆಂಗಿದ್ದೆ ಅಂತ ನಾನೇ ನೋಡಿಲ್ಲ ಕಣ್ರೀ. ಒಂದ್ಸಲ ನೋಡ್ಬೇಕು.”

ನೋಡದೆ ಇದ್ದದ್ದಕ್ಕೆ ಕಾರಣ ಅವರ ಸ್ವಂತ ತಮ್ಮ. ಮದುವೆಯ ದಿನ ಹಲಸೂರಿನ ಛತ್ರದಲ್ಲಿ ಅವನು ಹೊಸ ಕ್ಯಾಮೆರಾ ಹಿಡಿದು ಇಡೀ ಬಂಧುಬಳಗವನ್ನು ನಿಲ್ಲಿಸಿ, ಕೂರಿಸಿ, ನಗಿಸಿ, ಬೆವರಿಳಿಸಿದ್ದ. ರೀಲು ಹಾಕಿರಲಿಲ್ಲ.

ಸೊಸೆ ಮಧುರಾಳಿಗೆ ದೊಮ್ಮಲೂರಿನ ಆಫೀಸಿನಲ್ಲಿ ಇದೇ ಕೆಲಸ: ಏನು ಬೇಕೆಂದು ನಾಲ್ಕು ಸಾಲು ಬರೆದು ಕಂಪ್ಯೂಟರಿನಿಂದ ಜಾಹೀರಾತಿಗೆ ಫೋಟೋ ಹುಟ್ಟಿಸುವುದು. ಮಾವನ ಹಳೇ ಆಫೀಸ್ ಗುರುತುಚೀಟಿಯ ಚಿತ್ರ, ಅತ್ತೆಯ ಎಸ್ಸೆಸ್ಸೆಲ್ಸಿ ಕಾಲದ ಚಿತ್ರ ಎರಡನ್ನೂ ಅದಕ್ಕೆ ಉಣಿಸಿ, “ಮದುವೆ ಮಂಟಪದಲ್ಲಿ ಇವರಿಬ್ಬರು” ಎಂದಳು. ಅರೆಗಳಿಗೆಯಲ್ಲಿ ಜೋಡಿ ಪ್ರತ್ಯಕ್ಷವಾಯಿತು. ಹುಡುಗನ ದವಡೆಯಲ್ಲಿ ತೆಂಗಿನಕಾಯಿ ಒಡೆಯಬಹುದಿತ್ತು. ಹುಡುಗಿಯ ಮೈಮೇಲೆ ಒಂದು ಆಭರಣದಂಗಡಿಯೇ ಇತ್ತು.

“ಯಾರ್ರೀ ಇವ್ಳು?” ಎಂದು ಸೀತಾಲಕ್ಷ್ಮಿ ಕನ್ನಡಕ ಏರಿಸಿದರು. “ಇವ್ಳ ಪಕ್ಕ ನೀವು ನಿಂತಿದ್ರೆ ನಾನು ಸುಮ್ನಿರ್ತಿದ್ನಾ?” ಎಂದು ಒಳಗೆ ಹೋದರು.

“ನಿಜ ಅನ್ನಿಸ್ಬೇಕಾದ್ರೆ ಸ್ವಲ್ಪ ಕೆಡಿಸ್ಬೇಕು ಮಾವ,” ಎಂದಳು ಮಧುರಾ. “ಕಪ್ಪುಬಿಳುಪು, ಕ್ಯಾಮೆರಾ ಅಲುಗಾಡಿದೆ, ಮುಖದಲ್ಲಿ ಬೆವರು, ಹಿಂಗೆಲ್ಲ. ನೀವೇ ಬರೀರಿ. ಮದ್ವೇಲಿ ಇದ್ದವ್ರು ನೀವು.” ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿಗೆಂದು ರೂಮು ಸೇರಿದಳು.

ವೆಂಕಟಸುಬ್ಬಯ್ಯನವರು ಬೆರಳು ನೆಟಿಗೆ ಮುರಿದರು. ಮಂಟಪ, ಬೆವರು, ಕಪ್ಪುಬಿಳುಪು ಎಲ್ಲ ಎರಡು ಸಾಲಿನಲ್ಲಿ ಮುಗಿಯಿತು. ಆಮೇಲೆ ಅಭ್ಯಾಸಬಲ. “ವರನು ಹೆದರಿದಂತೆ ಕಾಣತಕ್ಕದ್ದಲ್ಲ. ವಧುವು ಬಾಯಿಬಿಟ್ಟು ನಗತಕ್ಕದ್ದಲ್ಲ. ಮಂಟಪದೊಳಗೆ ಮೇಕೆ ಇರಕೂಡದು.”

ಚಿತ್ರ ಬಂತು. ವಧೂವರರ ನಡುವೆ, ಪುರೋಹಿತರಿಗೆ ಸಲ್ಲಬೇಕಾದ ಜಾಗದಲ್ಲಿ, ಒಂದು ಮೇಕೆ.

ಷರತ್ತು ಸಡಿಲವಾಗಿದೆ ಎಂದುಕೊಂಡರು. ಬಿಗಿ ಮಾಡಿದರು. “ಯಾವುದೇ ಬಣ್ಣದ, ಯಾವುದೇ ವಯಸ್ಸಿನ ಮೇಕೆಯಾಗಲಿ, ಕುರಿಯಾಗಲಿ, ಅವುಗಳ ಮರಿಗಳಾಗಲಿ ಮಂಟಪದಲ್ಲಾಗಲಿ ಅದರ ಸುತ್ತಮುತ್ತಲಾಗಲಿ ಇರಕೂಡದು.” ಈ ಸಲ ಹಿಂಡೇ ಬಂತು. ಮರಿಗಳು ಮುಂದಿನ ಸಾಲಿನಲ್ಲಿ, ಬೀಗರ ಗತ್ತಿನಲ್ಲಿ.

“ಮಧುರಾ!”

ಬಂದು ನೋಡಿದ ಸೊಸೆ ನಗು ತಡೆಯಲು ಕುರ್ಚಿ ಹಿಡಿದುಕೊಂಡಳು. “ಅಯ್ಯೋ ಮಾವ, ಇದಕ್ಕೆ ‘ಬೇಡ’ ಅಂದ್ರೆ ನೆಟ್ಟಗೆ ತಲೆಗೆ ಹೋಗಲ್ಲ. ಹೆಸರು ಎತ್ತಿದ್ರೆ ಸಾಕು, ಕರ್ಕೊಂಡು ಬರತ್ತೆ. ಬೇಕಾಗಿದ್ದು ಮಾತ್ರ ಬರೀರಿ. ಅಲ್ಲಾ, ಮೇಕೆ ಯಾಕೆ ಬಂತು ಮಧ್ಯದಲ್ಲಿ?”

“ಸುಮ್ನೆ. ಮುಂಜಾಗ್ರತೆ.”

ಅಷ್ಟರಲ್ಲಿ ಮಾತು ಕೇಳಿಸಿಕೊಂಡು ಸೀತಾಲಕ್ಷ್ಮಿ ಕೈ ಒರೆಸಿಕೊಳ್ಳುತ್ತ ಬಂದರು. ವೆಂಕಟಸುಬ್ಬಯ್ಯನವರು ಲ್ಯಾಪ್‌ಟಾಪ್ ಮುಚ್ಚಲು ಹೋಗಿ ಯಾವುದೋ ಗುಂಡಿ ಒತ್ತಿದರು. ಪರದೆಯ ತುಂಬ ಒಂಟಿ ಮೇಕೆಯ ಚಿತ್ರ ಎದ್ದು ನಿಂತಿತು. ಬೆವರಿದ ಹುಡುಗ ಕೊರಳ ಹಾರವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಪಿಳಿಪಿಳಿ ಬಿಡುತ್ತ ಹಿಂದಕ್ಕೆ ವಾಲಿದ್ದ. ಹಾರದ ಇನ್ನೊಂದು ತುದಿ ಮೇಕೆಯ ಬಾಯಲ್ಲಿತ್ತು. ಪಕ್ಕದಲ್ಲಿ ಒಬ್ಬ ತೆಳ್ಳಗಿನ ಹುಡುಗಿ, ಬಾಸಿಂಗ ಓರೆಯಾಗಿ, ಬಾಯಿ ತುಂಬ ನಗುತ್ತಿದ್ದಳು.

ಸೀತಾಲಕ್ಷ್ಮಿ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಇದೇ,” ಎಂದರು ಕೊನೆಗೆ. “ಇದೇ ರೀ ನಾನು.”

“ಅದು ತಪ್ಪಾಗಿ ಬಂದಿದ್ದು. ತೆಗೆಸ್ತೀನಿ.”

“ತೆಗೆಸ್ಬಿಟ್ಟೀರ! ಮೇಕೆ ಬಂದು ಹಾರ ತಿಂತು ಅಂತ ಅವತ್ತಿಂದ ಹೇಳ್ತಿದೀನಿ. ಇಲ್ಲವೇ ಇಲ್ಲ, ನಿನ್ನ ಭ್ರಮೆ ಅಂತೀರಿ. ಬಂದೇ ಇರ್ಲಿಲ್ಲ ಅಂದ್ರೆ ಬೇಡ ಅಂತ ಯಾಕೆ ಬರೆದ್ರಿ, ಹೇಳಿ ನೋಡೋಣ.”

ವೆಂಕಟಸುಬ್ಬಯ್ಯನವರಿಗೆ ಉತ್ತರ ಗೊತ್ತಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಎಲ್ಲೂ ಎಂದೂ ನಡೆಯದ ಅನಾಹುತವನ್ನು ಯಾವ ವಿಮಾ ಕಂಪನಿಯೂ ಹೊರತುಪಡಿಸುವುದಿಲ್ಲ. ತಾವು ಬರೆದ ಮೂರು ಷರತ್ತುಗಳನ್ನು ಮತ್ತೊಮ್ಮೆ ಓದಿದರು. ‘ಅಲ್ಲ’, ‘ಕೂಡದು’ ಅಳಿಸಿದರೆ ಅದು ಮದುವೆಯ ವರದಿಯಂತೆಯೇ ಇತ್ತು.

“ಮೇಕೆ ಸಣ್ಣದಿತ್ತು,” ಎಂದರು.

“ನೋಡ್ದ್ಯೇನೇ ಮಧುರಾ!” ಎಂದು ಸೀತಾಲಕ್ಷ್ಮಿ ಚಪ್ಪಾಳೆ ತಟ್ಟಿದರು. “ಒಪ್ಕೊಂಡ್ರು! ಭಾನುವಾರಕ್ಕೆ ಆ ಹಸಿರು ರೇಷ್ಮೆಗೆ ಇಸ್ತ್ರಿ ಮಾಡ್ಸು.”

ಬ್ಯಾನರು ಮುದ್ರಿಸುವುದು ಶಿವಾಜಿನಗರದ ವಕಾರ್‌ನ ಅಂಗಡಿಯಲ್ಲಿ. ಅವನು ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿ ಮರುಗಿದ. “ಅಂಕಲ್, ಆಂಟಿ ಫಸ್ಟ್‌ಕ್ಲಾಸ್ ಬಂದವ್ರೆ. ನಿಮ್ದೇ ಸ್ವಲ್ಪ ಹೆದ್ರಿಕೆ ಜಾಸ್ತಿ. ತೆಗ್ದು ಸ್ಮೈಲ್ ಹಾಕ್ಬಿಡ್ಲಾ? ಎರಡು ನಿಮಿಷ.”

“ಮುಟ್ಬೇಡ,” ಎಂದರು ವೆಂಕಟಸುಬ್ಬಯ್ಯನವರು. “ಅದು ಒರಿಜಿನಲ್.”

“ಬಕ್ರಿ?” ಎಂದು ಮೇಕೆಯ ಮೇಲೆ ಬೆರಳಿಟ್ಟ.

“ಅದೂ.”

ಆದರೂ ಬ್ಯಾನರಿನ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ‘ಇದು ಯಂತ್ರ ರಚಿಸಿದ ಚಿತ್ರ’ ಎಂದು ಮುದ್ರಿಸಲು ಹೇಳಿದರು. ಸಣ್ಣ ಅಕ್ಷರವನ್ನು ಯಾರೂ ಓದುವುದಿಲ್ಲ ಎಂಬುದು ಅವರ ವೃತ್ತಿಜೀವನದ ಸಾರ.

ಯಾರೂ ಓದಲಿಲ್ಲ. ಭಾನುವಾರ ಬಂದವರೆಲ್ಲ ಮೊದಲು ಸ್ಟೇಜಿನ ಹಿಂಗೋಡೆಗೆ ಕಟ್ಟಿದ್ದ ಬ್ಯಾನರಿನ ಎದುರು ನಿಂತು ನಕ್ಕು, ಆಮೇಲೆ ದಂಪತಿಗೆ ಕೈಮುಗಿದರು. ವೆಂಕಟಸುಬ್ಬಯ್ಯನವರ ಅಕ್ಕ ತುಂಗಕ್ಕ ಕೋಲೂರಿಕೊಂಡು ಬಂದು, ಕಂಬದ ಪಕ್ಕ ಮಸುಕಾಗಿ ನಿಂತಿದ್ದ ಹೆಂಗಸೊಬ್ಬಳನ್ನು ತೋರಿಸಿ, “ನಾನೇ! ಆ ಮೇಕೇನ ಓಡ್ಸಿದ್ದೂ ನಾನೇ. ನಿಂಗೆ ನೆನಪಿಲ್ವೇನೇ ಸೀತಾ?” ಎಂದರು.

“ನೀವೇ ಅತ್ತಿಗೆ, ಇನ್ಯಾರು,” ಎಂದರು ಸೀತಾಲಕ್ಷ್ಮಿ, ಹಸಿರು ರೇಷ್ಮೆಯ ನೆರಿಗೆ ಹಿಡಿದು ಸ್ಟೇಜಿನ ಮೆಟ್ಟಿಲು ಹತ್ತುತ್ತ.

ಹತ್ತಿದವರು ಕುರ್ಚಿಯಲ್ಲಿ ಕೂರಲಿಲ್ಲ. ಇಡೀ ಸಭೆಗೆ ಬೆನ್ನು ಹಾಕಿ, ಬ್ಯಾನರಿನ ಆ ಹುಡುಗಿಯ ಎದುರು ನಿಂತುಬಿಟ್ಟರು. ಕೆಳಗಿನಿಂದ ಫೋಟೋದವನು ಕೂಗುತ್ತಲೇ ಇದ್ದ: “ಅಮ್ಮಾ, ಈ ಕಡೆ! ಅಮ್ಮಾ, ಸ್ವಲ್ಪ ಕ್ಯಾಮೆರಾ ನೋಡಿ!”

“ಇರಪ್ಪ,” ಎಂದರು ಸೀತಾಲಕ್ಷ್ಮಿ, ತಿರುಗದೆ. “ಇನ್ನೂ ನೋಡ್ಕೊಂಡು ಮುಗಿದಿಲ್ಲ.”