ಚಿಲಕವಿದ್ದ ಆಸನ

ವಿಕ್ಟೋರಿಯಾ ರಾಣಿ ವಿಧವೆಯಾದ ವರ್ಷವೇ ಆಗಸ್ಟಾ ವಿಂಡ್ರಿಜ್‌ಳ ಗಂಡನೂ ತೀರಿಕೊಂಡ. ಅಲ್ಲಿಂದ ಅವಳ ಊಟದ ಮೇಜಿನ ಮೇಲೆ ಒಂದೇ ತಟ್ಟೆ. ಕೆಲಸದವರು ಅಡುಗೆಮನೆಯಲ್ಲಿ ನಗುತ್ತ ಉಣ್ಣುವುದು ಕೇಳಿಸುತ್ತಿತ್ತು. ಅವಳ ಹೆಜ್ಜೆಯ ಸಪ್ಪಳವಾದರೆ ನಗು ನಿಲ್ಲುತ್ತಿತ್ತು.

ಹತ್ತಿರದಲ್ಲಿ ಚರ್ಚಿಲ್ಲದ ತನ್ನ ಗುಡ್ಡದ ಹಳ್ಳಿಗೆ ಅವಳು ಪ್ರಾರ್ಥನಾಮಂದಿರ ಕಟ್ಟಿಸಿಕೊಟ್ಟಳು. ಉಣ್ಣೆ ಗಿರಣಿಯಲ್ಲಿದ್ದ ತನ್ನ ಪಾಲು ಮಾರಿ ಜಾಗ, ಕಲ್ಲು, ಪಾದ್ರಿಯ ಸಂಬಳ ಎಲ್ಲವನ್ನೂ ನೋಡಿಕೊಂಡಳು. ಭಕ್ತಿಯೂ ಇತ್ತು, ಅದರ ಜೊತೆಗೆ ಯಾರಿಗೂ ಹೇಳದ ಒಂದು ಆಸೆಯೂ ಇತ್ತು. ವಾರಕ್ಕೊಮ್ಮೆಯಾದರೂ ಯಾರದಾದರೂ ಪಕ್ಕ, ಭುಜಕ್ಕೆ ಭುಜ ತಾಗುವಂತೆ ಕೂರಬೇಕು.

"ನಂಗೂ ಎಲ್ಲರ ಥರಾನೇ ಬೆಂಚು ಸಾಕು, ಎಫ್ರೇಮ್," ಎಂದು ಬಡಗಿಗೆ ಮೊದಲೇ ಹೇಳಿದ್ದಳು.

ಮೊದಲ ಭಾನುವಾರ ಒಳಗೆ ಬಂದಾಗ ಮುಂಭಾಗದಲ್ಲಿ ಎದೆಯೆತ್ತರದ ಓಕ್ ಹಲಗೆಯ ಕಟಾಂಜನ. ಅದಕ್ಕೊಂದು ಬಾಗಿಲು, ಹಿತ್ತಾಳೆಯ ಚಿಲಕ, ಒಳಗೆ ಅವಳೊಬ್ಬಳಿಗೇ ಕೆಂಪು ಮೆತ್ತೆಯ ಆಸನ.

"ನೀವು ದೊಡ್ಡ ಮನಸ್ಸಿಂದ ಬೇಡ ಅಂದ್ರಿ ಅಮ್ಮಾವ್ರೇ," ಎಂದ ಎಫ್ರೇಮ್, ಟೋಪಿ ಕೈಯಲ್ಲಿ ಹಿಡಿದು. "ಹಂಗಂತ ನಾವು ಸುಮ್ನಿರಕ್ಕಾಗುತ್ತಾ? ಇದಕ್ಕೆ ಕೂಲಿ ತಗಳಲ್ಲ."

ಅವನ ಮುಖದ ಹೆಮ್ಮೆ ನೋಡಿ ಅವಳು ಚಿಲಕ ತೆಗೆದಳು. ಒಳಗೆ ಹೋಗಿ ಕೂತಳು. ಅಲ್ಲಿಂದ ಪಾದ್ರಿಯ ತಲೆ, ಕಿಟಕಿಯ ಮೇಲ್ಭಾಗ, ಇಷ್ಟೇ ಕಾಣುತ್ತಿತ್ತು. ಮರ್ಯಾದೆಗೆಂದು ಹಿಂದಿನ ಸಾಲನ್ನೂ ಜನ ಖಾಲಿ ಬಿಟ್ಟಿದ್ದರು.

ಮೂರನೆಯ ಭಾನುವಾರ, ಹಾಡು ಶುರುವಾಗುವ ಮುಂಚೆ, ಅವಳು ಚಿಲಕ ತೆಗೆದು ಎದ್ದು ಬಂದಳು. ಎಲ್ಲರ ಕಣ್ಣೆದುರು ನಡೆದು ಕಟ್ಟಕಡೆಯ ಬೆಂಚಿನ ಹತ್ತಿರ ನಿಂತಳು. ಅಲ್ಲಿದ್ದ ಐವರು ಹೆಂಗಸರಲ್ಲಿ ನಾಲ್ವರು ಧಡಕ್ಕನೆ ಎದ್ದರು.

"ಕೂತ್ಕೊಳಿ ಅಮ್ಮಾವ್ರೇ, ಪೂರ್ತಿ ನಿಮಗೇ," ಎಂದು ಗೋಡೆಯ ಬದಿಗೆ ಸರಿದರು. ಅವರಲ್ಲೊಬ್ಬಳು, ಏಳದೆ ಕೂತೇ ಇದ್ದ ಮುದುಕಿ ಕೆಜಾಯಾಳ ತೋಳು ಎಳೆದಳು. "ಏಳೇ ಅಜ್ಜಿ."

"ಹೊಸಾ ಮಂಡಿ ತಂದ್ಕೊಡು, ಏಳ್ತೀನಿ," ಎಂದಳು ಕೆಜಾಯಾ. ಆಮೇಲೆ ಆಗಸ್ಟಾಳತ್ತ ತಿರುಗಿ, "ಕೂರೋದಾದ್ರೆ ಈಚೆ ಬನ್ನಿ ತಾಯಿ. ಆ ತುದೀಲಿ ಗಾಳಿ ಹೊಡೆಯುತ್ತೆ," ಎಂದಳು.

ಆಗಸ್ಟಾ ಸರಿದು ಕೂತಳು. ಒದ್ದೆ ಉಣ್ಣೆ ಶಾಲಿನ ವಾಸನೆ. ಮುದುಕಿಯ ಮೂಳೆ ಭುಜ ಅವಳ ಭುಜಕ್ಕೆ ತಾಗಿತು. ಮುಂಭಾಗದಲ್ಲಿ ಎಫ್ರೇಮ್ ಎದ್ದು ಹೋಗಿ, ಕಟಾಂಜನದ ತೆರೆದಿದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿ ಚಿಲಕ ಹಾಕಿದ. ಹಿಂತಿರುಗಿ ನೋಡಲಿಲ್ಲ.

ಹಾಡು ಮುಗಿಯುವವರೆಗೂ ಆ ನಾಲ್ವರು ಗೋಡೆಗೆ ಒರಗಿ ನಿಂತೇ ಇದ್ದರು. ಬೆಂಚಿನಲ್ಲಿ ಇನ್ನೂ ನಾಲ್ವರಿಗೆ ಜಾಗವಿತ್ತು.