ಹಿಂದಿನಿಂದ ತಳ್ಳುವ ಲೋಡು

ಮಾವಿನ ಕಾಲದಲ್ಲಿ ನನಗೆ ತಾಳ್ಮೆ ಇರುವುದಿಲ್ಲ. ಬೇರೆ ಕಾಲದಲ್ಲೂ ಇರುವುದಿಲ್ಲ ಎನ್ನುತ್ತಾಳೆ ಹೆಂಡತಿ.

ಅವತ್ತು ಬೆಳಿಗ್ಗೆ ರಾಗಿ ಹೊಲ ಉತ್ತು, ನೇಗಿಲು ಬಿಚ್ಚಿ, ಟ್ರಾಕ್ಟರಿಗೆ ಟ್ರೈಲರ್ ಸಿಕ್ಕಿಸುವಷ್ಟರಲ್ಲಿ ಹೊತ್ತಾಗಿತ್ತು. ಶ್ರೀನಿವಾಸಪುರದ ಮಂಡಿಯಲ್ಲಿ ಹರಾಜು ಶುರುವಾಗಿಬಿಡುತ್ತದೆಂದು ಎರಡು ಟ್ರಿಪ್ಪಿನ ಬಾದಾಮಿ ಮಾವಿನಕಾಯಿಯನ್ನು ಒಂದೇ ಸಲ ಹೇರಿಸಿದೆ. ಇನ್ನೂರು ಕ್ರೇಟು. ಅದರ ಮೇಲೆ ಕಾಯಿ ವಿಂಗಡಿಸುವ ಕದಿರಮ್ಮ, ಮುನಿಯಲ್ಲಮ್ಮ ಹತ್ತಿ ಕೂತರು. ನನ್ನ ಪಕ್ಕ ಮಡ್‌ಗಾರ್ಡ್ ಮೇಲೆ ಅಕ್ಕನ ಮಗಳು ಅನಿತ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ.

ಕೆರೆಯ ಇಳಿಜಾರು ಬಂತು. ಎಂದಿನಂತೆ ನ್ಯೂಟ್ರಲ್‌ಗೆ ತಂದೆ.

"ಮಾಮ, ಗೇರಲ್ಲೇ ಇರ್ಲಿ," ಅಂದಳು ಅನಿತ.

"ಡೀಸೆಲ್ ನಿಮ್ಮಪ್ಪ ಹಾಕಿಸ್ತಾನಾ? ಇಪ್ಪತ್ತು ವರ್ಷದಿಂದ ಹಿಂಗೇ ಇಳೀತಿದೀನಿ."

"ಅದು ಒಂದ್ ಟ್ರಿಪ್ಪಿನ ಲೋಡು. ಇವತ್ತು ಎರಡರಷ್ಟಿದೆ. ನಿಲ್ಲಿಸೋಕೂ ಎರಡರಷ್ಟು ಬಲ ಬೇಕು. ಟ್ರೈಲರ್‌ಗೆ ಬ್ರೇಕೂ ಇಲ್ಲ."

"ಒಂಬತ್ತನೇ ಕ್ಲಾಸಿನ ಪಾಠ ಅಲ್ಲೇ ಹೇಳ್ಕೊ. ನಾನು ಏಳಕ್ಕೇ ಮುಗಿಸಿದೋನು."

ಅವಳು ಮಡ್‌ಗಾರ್ಡಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು. ಇಳಿಜಾರು ಅರ್ಧ ಮುಗಿದಾಗ ವೇಗ ಹೆಚ್ಚಾಯಿತೆನಿಸಿ ಬ್ರೇಕ್ ತುಳಿದೆ. ಟ್ರಾಕ್ಟರ್ ಸರ್ರನೆ ಬಲಕ್ಕೆ ಎಳೆಯಿತು, ಟ್ರೈಲರ್ ಎಡಕ್ಕೆ ಬೀಸಿತು. ಮೇಲಿಂದ ಮುನಿಯಲ್ಲಮ್ಮ ಕಿರುಚಿದಳು.

ಆಗ ಹೊಳೆಯಿತು. ಟ್ರಾಕ್ಟರಿಗೆ ಬ್ರೇಕಿನ ಪೆಡಲ್ ಎರಡು, ಎರಡೂ ಬಲಗಾಲಿಗೇ. ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಉಳುವಾಗ ಸಾಲಿನ ಕೊನೆಯಲ್ಲಿ ಗಕ್ಕನೆ ತಿರುಗಿಸಲು ಅವನ್ನು ಬೇರೆ ಮಾಡಿರುತ್ತೇವೆ. ರಸ್ತೆಗೆ ಬಂದಾಗ ಲಾಕು ಹಾಕಿ ಒಂದುಗೂಡಿಸಬೇಕು. ನಾನು ಹಾಕಿರಲಿಲ್ಲ. ತುಳಿದದ್ದು ಬಲದ್ದೊಂದನ್ನೇ.

ಪಾದ ಅಡ್ಡ ಇಟ್ಟು ಎರಡನ್ನೂ ತುಳಿದೆ. ಹಿಂದಿನ ಚಕ್ರಗಳು ಜಾರತೊಡಗಿದವು. ಲೋಡು ಹಿಂದಿನಿಂದ ನಮ್ಮನ್ನು ತಳ್ಳುತ್ತಿತ್ತು. ಗೇರ್ ಹಾಕಲು ಹೋದರೆ ಕರಕರ ಎಂದಿತೇ ಹೊರತು ಕೂರಲಿಲ್ಲ. ಕೆಳಗೆ ಕೆರೆ ಕಟ್ಟೆಯ ತಿರುವು ಕಾಣಿಸುತ್ತಿತ್ತು. ಆ ತಿರುವು ಈ ವೇಗಕ್ಕೆ ಸಿಗುವುದಲ್ಲ. ತಪ್ಪಿದರೆ ನೀರು.

"ಜೋರಾಗಿ ತುಳೀಬೇಡ ಮಾಮ, ಮಗುಚುತ್ತೆ," ಅಂದಳು ಅನಿತ. "ಎಡಗಡೆ ಉತ್ತ ಹೊಲ ಇದೆ ನೋಡು. ನೇರವಾಗಿ ಅದರೊಳಕ್ಕೆ ಬಿಡು. ಮಣ್ಣೇ ಹಿಡ್ಕೊಳ್ಳುತ್ತೆ."

ಆಮೇಲೆ ಹಿಂದಕ್ಕೆ ತಿರುಗಿ ಕೂಗಿದಳು: "ಅಕ್ಕಾ, ಮುಂದೆ ಕೂರ್ಬೇಡಿ. ಹಿಂದಕ್ಕೆ ಹೋಗಿ ಮಲಗಿ ಹಗ್ಗ ಹಿಡ್ಕೊಳ್ಳಿ. ಗಾಡಿ ನಿಂತ್ರೂ ನೀವು ನಿಲ್ಲಲ್ಲ."

ಅದು ನಮ್ಮೂರ ಕೋದಂಡರಾಮಪ್ಪನ ಹೊಲ. ಅವನ ಕುರಿ ನನ್ನ ಬದುವಿನ ಮೇಲೆ ಹೋದರೂ ಜಗಳ ಕಾಯುವ ನಾನು ಸ್ಟೀರಿಂಗ್ ಎಡಕ್ಕೆ ಎಳೆದೆ. ಗಾಡಿ ಬದು ಹಾರಿತು. ಹಿಂದಿನ ದಿನದ ಮಳೆಗೆ ನೆನೆದ ಮಣ್ಣಿನಲ್ಲಿ ಚಕ್ರಗಳು ಹೂತವು. ಇಪ್ಪತ್ತು ಮಾರು ಹೋಗಿ ಟ್ರಾಕ್ಟರ್ ನಿಂತಿತು. ಕ್ರೇಟುಗಳು ನಿಲ್ಲಲಿಲ್ಲ. ಹಗ್ಗ ಕಿತ್ತುಕೊಂಡು ಮುಂದಿನ ಸಾಲೆಲ್ಲ ನೆಲಕ್ಕೆ ಸುರಿಯಿತು.

ಮುನಿಯಲ್ಲಮ್ಮ ಹಿಂದಿನ ಹಲಗೆ ತಬ್ಬಿಕೊಂಡು ಮಲಗಿದ್ದಳು. ಕದಿರಮ್ಮ ಕಾಣಲಿಲ್ಲ.

"ಅವ್ಳಿಗೆ ಮಂಡಿ ನೋವು ಕಣಣ್ಣ, ಬೇಗ ತೆವಳೋಕಾಗ್ಲಿಲ್ಲ," ಎಂದು ಅತ್ತಳು.

ನಾನು ಕ್ರೇಟು ಎಳೆದೆಸೆಯತೊಡಗಿದೆ. ಅನಿತ ಇನ್ನೊಂದು ಕಡೆಯಿಂದ ಎಳೆದಳು. ಹತ್ತು, ಹದಿನೈದು. ಕಾಯಿಗಳ ನಡುವೆ ಹಸಿರು ಬಳೆಯ ಕೈ ಕಂಡಿತು. ಅಲ್ಲಾಡುತ್ತಿರಲಿಲ್ಲ.

ಕೊನೆಯ ಕ್ರೇಟು ಎತ್ತಿದಾಗ ಕದಿರಮ್ಮ ಕಣ್ಣು ಬಿಟ್ಟಳು. ಬಾಯಲ್ಲಿದ್ದ ಮಣ್ಣು ಉಗಿದಳು.

"ಏಮಪ್ಪಾ ಅಶ್ವತ್ಥಪ್ಪ, ಆ ಹುಡುಗಿ ಹೇಳಿದ್ದು ಮೇಲೆ ಕೂತ ನಮಗೇ ಕೇಳಿಸ್ತು. ಪಕ್ಕದಲ್ಲಿದ್ದ ನಿನಗೆ ಏನಾಗಿತ್ತು?"

ಅವಳ ಬಲಗೈ ಮೊಣಕೈ ಕೆಳಗೆ ಸೊಟ್ಟಗಾಗಿತ್ತು. ಟವೆಲ್ ಬಿಚ್ಚಿ ಕೈ ಕಟ್ಟಿ, ಎತ್ತಿಕೊಂಡೆ. ಅನಿತ ಓಡಿಹೋಗಿ ಕೋಲಾರದ ಬಸ್ಸಿಗೆ ಕೈ ಅಡ್ಡ ಹಿಡಿದಳು.

ಹತ್ತುವಾಗ ಕಂಡಕ್ಟರ್, "ಕಾಯೆಲ್ಲ ಹೊಲದಲ್ಲೇ ಬಿಟ್ಟು ಹೊರಟ್ರಾ?" ಅಂದ.

"ಬಿದ್ದಿರ್ಲಿ," ಅಂದೆ. "ನೀನು ಡ್ರೈವರ್‌ಗೆ ಹೇಳು, ನಿಧಾನಕ್ಕೆ ಹೋಗ್ಲಿ. ಕೈ ಅಲ್ಲಾಡಬಾರ್ದು."