ನಾಲ್ಕನೇ ಹಾಡಿನ ಅಪ್ಪ

ಮುಂಡಪ್ಪನ ಬಸ್ಸಿನಲ್ಲಿ ಹಾಡು ಹಾಕುವ ಹಕ್ಕು ಮುಂಡಪ್ಪನದೇ. ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿ, ಅಲ್ಲಿಂದ ಬಂಟ್ವಾಳ. ಇಪ್ಪತ್ತಾರು ವರ್ಷದಿಂದ ಅದೇ ಲೈನಿನ ಖಾಸಗಿ ಬಸ್ಸು. ಟಿಕೆಟು ಕಂಡಕ್ಟರ್ ನಿಝಾರನ ಪಾಲು, ಬೈಗುಳ ಇಬ್ಬರ ಪಾಲು, ಹಾಡು ಮಾತ್ರ ಡ್ರೈವರನದು. ಆ ಹಕ್ಕಿನ ಬಲದಿಂದಲೇ ಒಂದು ಸೋಮವಾರ ಅವನು ಸಿನಿಮಾ ಹಾಡಿನ ಪೆನ್‌ಡ್ರೈವ್ ಕಿತ್ತು ಡಬ್ಬಿಗೆ ಹಾಕಿ, ತಂಗಿ ಪ್ರೇಮಾವತಿಯ ಮಗ ಜಿತೇಶನ ಆಲ್ಬಂ ಚುಚ್ಚಿದ.

ಜಿತೇಶ್ ಮಸ್ಕತ್ತಿನ ಹೋಟೆಲೊಂದರಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದಾಗ ಬ್ಲೂಸ್ ಕಲಿತವನು. ಅಮೆರಿಕದ ಕಪ್ಪು ಜನ ತಮ್ಮ ಸಂಕಟ ಹೇಳಿಕೊಂಡ ಹಾಡಿನ ಬಗೆ ಅದು. ಒಂದು ಸಾಲನ್ನು ಎರಡು ಸಲ ಹೇಳಿ ಮೂರನೆಯದರಲ್ಲಿ ಕುಟುಕುವುದು ಅದರ ಕ್ರಮ. ಕನ್ನಡದಲ್ಲಿ ಅಂಥ ಎಂಟು ಹಾಡು ಮಾಡಿ ತಂದವನು, "ಮಾವ, ಬಸ್ಸಿನಲ್ಲಿ ಹಾಕಿ. ಜನ ಏನು ಹೇಳ್ತಾರೆ ನೋಡುವ" ಎಂದಿದ್ದ.

ಜನ ಹೇಳದೆ ಬಿಡುತ್ತಾರೆಯೇ? ವೇಣೂರು ಮುಟ್ಟುವ ಮೊದಲೇ ಹಿಂದಿನ ಸೀಟಿನಿಂದ, "ಡ್ರೈವರಣ್ಣ, ಪೆನ್‌ಡ್ರೈವ್ ಸಿಕ್ಕಿಬಿದ್ದಿದೆ, ಹೇಳಿದ್ದನ್ನೇ ಹೇಳ್ತಾ ಉಂಟು" ಎಂದು ಕೂಗು ಬಂತು. ಕಾಲೇಜಿನ ಹುಡುಗಿಯರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಬೆಳ್ತಂಗಡಿಯ ಸಂತೆಗೆ ಹೊರಟಿದ್ದ ನಬೀಸಾ, "ಇದೇನು ಮಾರಾಯ, ಸತ್ತ ಮನೆಯಲ್ಲಿ ಕೂತ ಹಾಗೆ ಆಗ್ತದೆ" ಎಂದು ಸೆರಗು ಮುಖಕ್ಕೆ ಎಳೆದುಕೊಂಡಳು. ಸಂಗೀತದ ಮೇಷ್ಟ್ರು ವೆಂಕಟೇಶ್ವರ ಭಟ್ಟರು ಶ್ರುತಿ ಸರಿಯಿಲ್ಲವೆಂದು ತೀರ್ಪು ಕೊಟ್ಟು, ಇಳಿಯುವಾಗ ಮಾತ್ರ ಅದೇ ಸಾಲನ್ನು ಗುನುಗುತ್ತ ಇಳಿದರು. ಮುಂಡಪ್ಪ ಎಲ್ಲರಿಗೂ, "ನಮ್ಮ ಅಳಿಯನದ್ದು" ಎಂದಷ್ಟೇ ಹೇಳಿದ.

ನಾಲ್ಕನೇ ಹಾಡು ಬಂದಾಗ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

*ಹೆಗಲ ಮೇಲೆ ನನ್ನ ಜ್ವರ, ಹೊತ್ತು ನಡೆದ ಅಪ್ಪ*
*ಹೆಗಲ ಮೇಲೆ ನನ್ನ ಜ್ವರ, ಹೊತ್ತು ನಡೆದ ಅಪ್ಪ*
*ಚಪ್ಪಲಿಗೆ ಬಾಳೆನಾರು, ಬಾಯಿಗಿಲ್ಲ ಮಾತು*

ಜ್ವರ ನಿಜ. ಜಿತೇಶನಿಗೆ ಆಗ ಏಳು ವರ್ಷ, ಊರಿಡೀ ಬಂದ್, ಒಂದು ರಿಕ್ಷಾ ಕೂಡ ಇಲ್ಲ. ಪುತ್ತಿಗೆಯ ಮನೆಯಿಂದ ಮೂಡುಬಿದಿರೆಯ ಆಸ್ಪತ್ರೆಯವರೆಗೆ ಮಗುವನ್ನು ಹೊತ್ತು ನಡೆದದ್ದು ನಿಜ, ಉಂಗುಷ್ಠ ಕಿತ್ತುಹೋದ ಚಪ್ಪಲಿಗೆ ದಾರಿಯ ಬದಿಯ ಬಾಳೆಯ ನಾರು ಕಟ್ಟಿದ್ದೂ ನಿಜ. ಆದರೆ ಹೊತ್ತವನು ಮುಂಡಪ್ಪ. ಅಪ್ಪ ರುಕ್ಮಯ್ಯ ಆಗ ಮುಂಬಯಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದು, ಅಲ್ಲೇ ಬೇರೊಬ್ಬಳ ಜೊತೆ ಸಂಸಾರ ಹೂಡಿ, ಊರಿಗೆ ಒಂದು ಕಾಗದ ಹಾಕುವುದನ್ನೂ ಬಿಟ್ಟಿದ್ದ.

ಅದರಿಂದ ಮನೆಯೇನೂ ಮುಳುಗಿರಲಿಲ್ಲ. ಇವರದು ಅಳಿಯಕಟ್ಟಿನ ಕುಟುಂಬ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರ ಹೊಣೆ ತಾಯಿಯ ಅಣ್ಣನದು. ಶಾಲೆಗೆ ಸೇರಿಸುವಾಗ ಸಹಿ ಹಾಕುವವನು ಮಾವ, ಹಾಳಾದರೆ ಬೈಸಿಕೊಳ್ಳುವವನೂ ಮಾವ. ಮುಂಡಪ್ಪ ಆ ಹೊಣೆಯಲ್ಲೇ ಮದುವೆಯ ವಯಸ್ಸು ದಾಟಿಸಿದ. ಒಮ್ಮೆಯೂ ಅದನ್ನು ಯಾರ ಮುಂದೆಯೂ ಆಡಿದವನಲ್ಲ.

ಹಾಡು ಕೇಳಿ ಅವನಿಗೆ ಹೊಳೆದದ್ದು ಒಂದೇ. ಹುಡುಗ ಬಾಯಿಬಿಟ್ಟು ಹೇಳಲಾಗದ್ದನ್ನು ಹಾಡಿನಲ್ಲಿ ಹೇಳಿದ್ದಾನೆ. ತನ್ನನ್ನು ಅಪ್ಪ ಎಂದು ಕರೆದಿದ್ದಾನೆ. ಮುಂಡಪ್ಪನ ಕಣ್ಣು ಮಂಜಾಯಿತು. ಐವತ್ತು ಜನರನ್ನು ಕೂರಿಸಿಕೊಂಡು ಅಳುವ ಹಾಗಿಲ್ಲವಲ್ಲ, ಸುಮ್ಮನೆ ಹಾರ್ನ್ ಒತ್ತಿದ.

ಮುಂದಿನ ಎರಡು ವಾರ ಅವನಷ್ಟು ಸುಖಿ ಆ ಲೈನಿನಲ್ಲಿ ಇರಲಿಲ್ಲ. ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸಬೀಹಾ ಒಂದು ದಿನ ಇಳಿಯದೆ ನಿಂತು, "ಅಣ್ಣ, ಆ ನಾಲ್ಕನೆಯದು ಇನ್ನೊಮ್ಮೆ ಹಾಕಿ. ನನ್ನ ಬಾಪಾ ನೆನಪಾಗ್ತಾರೆ" ಎಂದು ಕಣ್ಣೊರೆಸಿಕೊಂಡಳು. "ಆ ಅಪ್ಪ ಈಗ ಇದ್ದಾರಾ?" ಎಂದು ಕೇಳಿದಳು. "ಇದ್ದಾನೆ, ಗಟ್ಟಿ ಇದ್ದಾನೆ" ಎಂದ ಮುಂಡಪ್ಪ. ಅದು ನಾನೇ ಎಂಬ ಮಾತು ತುಟಿಯವರೆಗೆ ಬಂದಿತ್ತು. ಹೇಳಲು ನಾಚಿಕೆಯಾಯಿತು.

ಆಲ್ಬಂ ಬಿಡುಗಡೆಯ ಸಮಾರಂಭ ಮೂಡುಬಿದಿರೆಯ ಸಭಾಭವನದಲ್ಲಿ, ಭಾನುವಾರ ಬೆಳಿಗ್ಗೆ. ಮುಂಡಪ್ಪ ಹೊಸ ಬಿಳಿ ಅಂಗಿ ಹೊಲಿಸಿದ. ವೇದಿಕೆಗೆ ಕರೆದರೆ ಏನು ಮಾತಾಡುವುದೆಂದು ಸ್ಟಿಯರಿಂಗ್ ಹಿಡಿದೇ ಅಭ್ಯಾಸ ಮಾಡಿದ್ದ. ಎರಡೇ ಮಾತು, ಜಾಸ್ತಿ ಬೇಡ. ಕುರ್ಚಿ ಸಾಲದೆ ಹೋದಾಗ ಪಕ್ಕದ ಕೋಣೆಯಿಂದ ಹೊತ್ತು ತಂದು ಹಾಕಿದವನೂ ಅವನೇ.

ನಾಲ್ಕನೇ ಹಾಡು ಮುಗಿದು ಚಪ್ಪಾಳೆ ಇಳಿಯುತ್ತಿದ್ದಂತೆ ಜಿತೇಶ್ ಮೈಕಿನಲ್ಲಿ, "ಈ ಹಾಡಿನ ಅಪ್ಪ ಇಲ್ಲೇ ಇದ್ದಾರೆ, ಮೇಲೆ ಬರಬೇಕು" ಎಂದ. ಹಿಂದೆ ನಿಂತಿದ್ದ ಮುಂಡಪ್ಪ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು ಎರಡು ಹೆಜ್ಜೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಎದ್ದವನು ರುಕ್ಮಯ್ಯ. ತಲೆಗೆ ಕಪ್ಪು ಬಣ್ಣ, ಕೈಯಲ್ಲಿ ಊರುಗೋಲು. ಮುಂಬಯಿಯವಳು ತೀರಿಕೊಂಡ ಮೇಲೆ ಒಂದು ವಾರದ ಹಿಂದೆ ಊರಿಗೆ ಬಂದು ಬೆಳುವಾಯಿಯಲ್ಲಿ ಅಕ್ಕನ ಮನೆಯಲ್ಲಿ ಇದ್ದಾನೆಂದು ಮುಂಡಪ್ಪನಿಗೆ ಯಾರೂ ಹೇಳಿರಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು. ರುಕ್ಮಯ್ಯ ಮೈಕು ಹಿಡಿದು ಗದ್ಗದಿತನಾಗಿ, "ಆ ಬಂದ್ ದಿನ ಚಪ್ಪಲಿ ಬೇರೆ ತುಂಡಾಗಿತ್ತು" ಎಂದ. ಸಭೆಯಲ್ಲಿ ಹೆಂಗಸರು ಮೂಗು ಸೀಟಿದರು. ಪ್ರೇಮಾವತಿ ತಲೆ ತಗ್ಗಿಸಿ ಕೂತಿದ್ದಳು, ಅಣ್ಣನ ಕಡೆ ನೋಡಲಿಲ್ಲ.

ಊಟದ ಪಂಕ್ತಿ ಕೂರುವ ಮೊದಲು ಮುಂಡಪ್ಪ ಅಳಿಯನನ್ನು ಬದಿಗೆ ಕರೆದ.

"ನಿನ್ನನ್ನು ಹೊತ್ತದ್ದು ಯಾರು ಅಂತ ನಿನಗೆ ನೆನಪುಂಟಾ?"

"ಉಂಟಲ್ಲ ಮಾವ, ನೀವೇ" ಎಂದ ಜಿತೇಶ್, ಒಂದಿಷ್ಟೂ ತಡವರಿಸದೆ.

"ಮತ್ತೆ?"

"ಮಾವ ಅಂತ ಹಾಕಿಯೂ ನೋಡಿದ್ದೆ. ಬೆಂಗಳೂರಿನ ರೆಕಾರ್ಡಿಂಗಿನವರು, ಮಾವ ಯಾಕೆ ಹೊತ್ತ, ಅಪ್ಪ ಎಲ್ಲಿ ಹೋಗಿದ್ದ ಅಂತ ಕೇಳಿದ್ರು. ಅದನ್ನೆಲ್ಲ ವಿವರಿಸ್ಲಿಕ್ಕೆ ಹೊರಟ್ರೆ ಹಾಡು ಉಳಿಯುವುದಿಲ್ಲ. ಅಪ್ಪ ಅಂದ ಕೂಡಲೇ ಜನ ಅಳ್ತಾರೆ, ನೀವೇ ನೋಡಿದ್ರಲ್ಲ."

"ಅವನನ್ನು ಕರೆಸಿದ್ದು?"

"ಅಪ್ಪನ ಹಾಡು ಅಂದ ಮೇಲೆ ಅಪ್ಪ ಬೇಕಲ್ಲ. ಬಂದ್ ದಿನದ ಕತೆ ನಾನೇ ಅವರಿಗೆ ಹೇಳಿಕೊಟ್ಟೆ. ನಿಮಗೆ ಬೇಜಾರು ಯಾಕೆ ಮಾವ? ನಮ್ಮಲ್ಲಿ ಮಾವ ಹೊರುವುದು ಇದ್ದದ್ದೇ. ಅದರಲ್ಲಿ ಹಾಡು ಕಟ್ಟುವಂಥದ್ದು ಏನುಂಟು?"

ಕೆನ್ನೆಗೆ ಒಂದು ಬಿಡಬೇಕೆನಿಸಿತು ಮುಂಡಪ್ಪನಿಗೆ. ಅದೂ ಮಾವನ ಹಕ್ಕೇ. ಆದರೆ ಹುಡುಗನ ಮುಖದಲ್ಲಿ ಕಪಟ ಇರಲಿಲ್ಲ, ನಿಜವಾಗಿಯೂ ಅರ್ಥವಾಗದ ಮುಖ ಅದು. ಅದೇ ಹೆಚ್ಚು ಉರಿಸಿತು. ಅವನು ಉಣ್ಣದೆ ಮನೆಗೆ ಹೋದ.

ಬುಧವಾರ ಬೆಳ್ತಂಗಡಿಯಲ್ಲಿ ಇನ್ನೊಂದು ಸನ್ಮಾನ. ಅಪ್ಪನಿಗೆ ಕಾಲುನೋವು, ಬಸ್ಸಿನ ಮುಂದಿನ ಸೀಟು ಇಡಿ ಎಂದು ಜಿತೇಶ್ ಫೋನು ಮಾಡಿ ಹೇಳಿದ. ಮುಂಡಪ್ಪ ಮುಂದಿನ ಸೀಟು ತೋರಿಸಿ ನಿಝಾರನಿಗೆ, "ಆ ಸೀಟಿಗೆ ಯಾರನ್ನೂ ಕೂರಿಸಬೇಡ" ಎಂದ.

ರುಕ್ಮಯ್ಯ ಮೂಡುಬಿದಿರೆಯಲ್ಲಿ ಹತ್ತಿ, ಶಾಲು ಸರಿಮಾಡಿಕೊಂಡು ಕೂತ. ಪೇಪರಿನಲ್ಲಿ ಫೋಟೋ ಬಂದದ್ದರಿಂದ ಬಸ್ಸಿಗೆಲ್ಲ ಅವನ ಗುರುತು. ಸಬೀಹಾ ಸೀಟಿನಿಂದ ಎದ್ದು ಬಂದು, "ನಿಮ್ಮಂಥ ಅಪ್ಪ ಎಲ್ಲರಿಗೂ ಸಿಗುವುದಿಲ್ಲ" ಎಂದು ಕೈ ಮುಗಿದಳು. ಹಿಂದಿನಿಂದ ನಾಲ್ಕೈದು ಜನ ಒಟ್ಟಿಗೆ, ಆ ಹಾಡು ಹಾಕಿ ಎಂದರು. ಹಾಡು ಹಾಕುವ ಹಕ್ಕು ಇನ್ನೂ ಮುಂಡಪ್ಪನದೇ. ಅವನು ಹಾಕಿದ.

ರುಕ್ಮಯ್ಯ ಕಣ್ಣು ಮುಚ್ಚಿ, ತಲೆಯಾಡಿಸುತ್ತ ಕೇಳಿದ. ಅವನ ಕೆನ್ನೆಯ ಮೇಲೆ ನಿಜವಾದ ನೀರು ಇಳಿಯುತ್ತಿತ್ತು. ಮೂರೇ ದಿನದಲ್ಲಿ ಅವನು ತಾನೇ ಹೊತ್ತೆನೆಂದು ನಂಬಿಯೂ ಆಗಿತ್ತು. ಅರ್ಧದಲ್ಲಿ ಕಣ್ಣು ತೆರೆದು ಮುಂದಕ್ಕೆ ಬಾಗಿ ಡ್ರೈವರನ ಬೆನ್ನು ತಟ್ಟಿದ.

"ಭಾವ, ಸ್ವಲ್ಪ ಜೋರು ಮಾಡು. ಹಿಂದಿನವರಿಗೂ ಕೇಳಲಿ."

ಮುಂಡಪ್ಪ ಜೋರು ಮಾಡಿದ.